ಫಿಲಿಪೀನ್ಸ್‌ನ ‘ಕೆ ಟು 12’ ಅಂದರೆ ಏನು? ಶಾಲೆಗೆ ಎರಡು ವರ್ಷ ಯಾಕೆ ಸೇರಿಸಿದರು?

ಮೊದಲು ಅಲ್ಲಿ ಶಾಲೆ ಹತ್ತೇ ವರ್ಷ. ಆರು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಹೈಸ್ಕೂಲು, ಆಮೇಲೆ ನೇರ ಕಾಲೇಜು. 12 ವರ್ಷದ ಪಾಠವನ್ನು ಹತ್ತರಲ್ಲೇ ತುರುಕುತ್ತಿದ್ದರು. ಹೊರದೇಶಕ್ಕೆ ಕೆಲಸಕ್ಕೆ ಹೋದವರ ಡಿಗ್ರಿಗೂ ಎಷ್ಟೋ ಕಡೆ ಪೂರ್ತಿ ಬೆಲೆ ಸಿಗುತ್ತಿರಲಿಲ್ಲ.

2013ರಲ್ಲಿ ಅಧ್ಯಕ್ಷ ಬೆನಿಗ್ನೊ ಅಕಿನೊ ಹೊಸ ಕಾನೂನಿಗೆ ಸಹಿ ಹಾಕಿದರು. ಅದೇ ‘ಕೆ ಟು 12’: ಒಂದು ವರ್ಷ ಶಿಶುವಿಹಾರ (‘ಕೆ’ ಅಂದರೆ ಕಿಂಡರ್‌ಗಾರ್ಟನ್), ಆರು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಜೂನಿಯರ್ ಹೈಸ್ಕೂಲು, ಕೊನೆಗೆ ಎರಡು ವರ್ಷ ಸೀನಿಯರ್ ಹೈಸ್ಕೂಲು. 11ನೇ ತರಗತಿ 2016ರಲ್ಲಿ ಶುರುವಾಯಿತು. ಆ ವರ್ಷ ಕಾಲೇಜುಗಳಿಗೆ ಹೊಸಬರೇ ಸರಿಯಾಗಿ ಬರಲಿಲ್ಲ, ಎಷ್ಟೋ ಮೇಷ್ಟ್ರುಗಳ ಕೆಲಸಕ್ಕೆ ಕುತ್ತು ಬಂತು. ಸೀನಿಯರ್ ಹಂತದಲ್ಲಿ ವಿಜ್ಞಾನ, ಕಾಮರ್ಸ್ ಅಷ್ಟೇ ಅಲ್ಲ, ವೆಲ್ಡಿಂಗ್, ಅಡುಗೆ, ಕ್ರೀಡೆ, ಕಲೆಯನ್ನೂ ಆರಿಸಿಕೊಳ್ಳಬಹುದಿತ್ತು.

ನನಗೆ ತುಂಬಾ ಹಿಡಿಸಿದ್ದು ತಾಯ್ನುಡಿಯ ಪಾಠ. ಸೆಬು ದ್ವೀಪದ ಮಗು ‘ಉಸಾ, ದುಹಾ, ತುಲೋ’ ಅಂತ ಮನೆಮಾತಲ್ಲೇ ಎಣಿಸಲು ಕಲಿಯುತ್ತಿತ್ತು. ಮೂರನೇ ತರಗತಿವರೆಗೆ ಇದು ಕಡ್ಡಾಯವಾಗಿತ್ತು. ಆದರೆ ಪುಸ್ತಕ, ತರಬೇತಿ ಸಾಲಲಿಲ್ಲ. 2024ರಲ್ಲಿ ಇನ್ನೊಂದು ಕಾನೂನು ತಂದು ಕಡ್ಡಾಯವನ್ನೇ ತೆಗೆದರು. ಪುಸ್ತಕ ಕೊಟ್ಟು ಸರಿಪಡಿಸಬೇಕಿತ್ತು, ಅಲ್ವಾ? ಸೀನಿಯರ್ ಹೈಸ್ಕೂಲು ಮುಗಿಸಿದ ಕೂಡಲೇ ಕೆಲಸ ಸಿಗುತ್ತದೆ ಅನ್ನೋ ಭರವಸೆಯೂ ಬಹಳ ಮಕ್ಕಳ ಪಾಲಿಗೆ ನಿಜವಾಗಲಿಲ್ಲ.