ಗಣಿತದಿಂದ ಕೆಲಸ, ಕನ್ನಡದಿಂದ ಅಂಕ

ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರ ಕನ್ನಡ ಶಿಕ್ಷಕಿಯೊಬ್ಬರ ಪತ್ರದ ಸಾರ: ಯಾವ ವಿಷಯದಿಂದ ಏನು ಸಿಗಬೇಕೆಂದು ಬರೆಯಿರಿ ಎಂದಾಗ ಒಂಬತ್ತನೆಯ ತರಗತಿಯ ಹೆಚ್ಚಿನ ಮಕ್ಕಳು ಗಣಿತ, ವಿಜ್ಞಾನದಿಂದ ಕೆಲಸ, ಇಂಗ್ಲಿಷಿನಿಂದ ಮಾತಾಡುವ ಧೈರ್ಯ, ಕನ್ನಡದಿಂದ ಅಂಕ ಎಂದು ಬರೆದರು; ಸಮಾಜ ವಿಜ್ಞಾನದ ಎದುರು ಹಲವರು ಏನನ್ನೂ ಬರೆಯಲಿಲ್ಲ. ಮಕ್ಕಳು ಇಷ್ಟು ಲೆಕ್ಕಾಚಾರದವರಾದರೆ ಹೇಗೆ, ಈ ಬರಹಗಳನ್ನು ಶಾಲೆಯ ಅಭಿವೃದ್ಧಿ, ಮೇಲುಸ್ತುವಾರಿ ನೋಡಿಕೊಳ್ಳುವ ಸಮಿತಿಯಾದ ಎಸ್‌ಡಿಎಂಸಿ ಸಭೆಯಲ್ಲಿ ಓದಬಹುದೇ ಎಂದು ಅವರು ಕೇಳಿದ್ದಾರೆ.

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ ಅದಕ್ಕೆ ಮಕ್ಕಳನ್ನು ಹೊಣೆ ಮಾಡಲು ನನಗೆ ಮನಸ್ಸು ಬಾರದು. ಒಂದು ವಿಷಯದಲ್ಲಿ ನಾವು ಅವರನ್ನು ಏನು ಕೇಳುತ್ತ ಬಂದಿದ್ದೇವೋ, ಆ ವಿಷಯದಿಂದ ಅವರು ಅದನ್ನೇ ನಿರೀಕ್ಷಿಸುತ್ತಾರೆ. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100, ಒಟ್ಟು 625 ಎಂಬ ಲೆಕ್ಕ ಬಹುಕಾಲದಿಂದ ಮನೆಮನೆಯ ಮಾತಾಗಿದೆ. ಕನ್ನಡವೆಂದರೆ ಶೇಕಡಾವಾರು ಏರಿಸುವ ವಿಷಯ ಎಂಬುದನ್ನು ಮಗು ನಮ್ಮಿಂದಲೇ ಕಲಿತಿದೆ.

ನಿಮ್ಮದೇ ತರಗತಿಯ ಪ್ರಸ್ತಾರದ, ಅಂದರೆ ಪದ್ಯದ ಅಕ್ಷರಗಳ ಉಚ್ಚಾರಣೆಯ ಕಾಲ ಅಳೆಯುವ, ಪಾಠವನ್ನು ನೋಡಿ. ಮಗು ಕಂದಪದ್ಯದ ಅಕ್ಷರಗಳ ಮೇಲೆ ಲಘು, ಗುರು ಗುರುತು ಹಾಕುತ್ತದೆ, ನಾಲ್ಕು ಮಾತ್ರೆಗಳ ಗಣಕ್ಕೊಂದು ಗೆರೆ ಎಳೆಯುತ್ತದೆ. ಮೊದಲ ಸಾಲಿನಲ್ಲಿ ಮೂರು ಗಣ, ಎರಡನೆಯದರಲ್ಲಿ ಐದು ಗಣ ಬಂದರೆ ಪೂರ್ತಿ ಅಂಕ. ಪದ್ಯವನ್ನು ಒಮ್ಮೆಯೂ ಗಟ್ಟಿಯಾಗಿ ಓದದೆ, ಅದರ ಅರ್ಥವೇನೆಂದು ಕೇಳದೆ ಈ ಅಂಕ ಪಡೆಯಬಹುದು ಎಂಬುದೇ ನನ್ನ ಸಂಕಟ. ಗೆರೆ ಎಳೆದಾದ ಮೇಲೆ ಅದೇ ಪದ್ಯವನ್ನು ಗಣ ಗಣಕ್ಕೆ ತಾಳ ಹಾಕಿ ಓದಿಸಿ, ಸಾಲಿನ ಕೊನೆಯಲ್ಲಿ ಪದ ಒಡೆದು ಮುಂದಿನ ಸಾಲಿಗೆ ದಾಟುವ ಕಡೆ ಉಸಿರನ್ನು ಎಲ್ಲಿ ನಿಲ್ಲಿಸಬೇಕೆಂದು ಮಕ್ಕಳನ್ನೇ ಕೇಳಿ. ಅಂಕವಿಲ್ಲದ ಆ ಪ್ರಶ್ನೆಗೆ ಅವರು ಜಗಳವಾಡುತ್ತ ಉತ್ತರ ಹುಡುಕುತ್ತಾರೆಂಬ ನಂಬಿಕೆ ನನಗಿದೆ.

ಗಣಿತ, ವಿಜ್ಞಾನದಿಂದ ಕೆಲಸ ಸಿಗಲಿ ಎಂಬ ಆಸೆ ಮನೆಯ ಕಷ್ಟದಿಂದ ಹುಟ್ಟಿದ್ದು. ಅದನ್ನು ತಪ್ಪೆನ್ನುವ ಹಕ್ಕು ಸಂಬಳ ಬರುವ ನಮಗಿಲ್ಲ. ಇಂಗ್ಲಿಷಿನ ಬಗ್ಗೆ ಅವರು ಬರೆದದ್ದಂತೂ ಎಲ್ಲಕ್ಕಿಂತ ನಿಜವಾದ ಉತ್ತರ. ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಮಗುವಿಗೆ, ತನಗೆ ಚೆನ್ನಾಗಿ ಗೊತ್ತಿದ್ದ ದ್ಯುತಿಸಂಶ್ಲೇಷಣೆ ಒಮ್ಮೆಲೇ ಫೋಟೋಸಿಂಥೆಸಿಸ್ ಆಗಿ ಎದುರು ನಿಲ್ಲುತ್ತದೆ. ಉತ್ತರ ಗೊತ್ತಿದ್ದೂ ಎದ್ದು ನಿಂತು ಹೇಳಲಾರದ ಸಂಕೋಚವನ್ನು ಅಕ್ಕ, ಅಣ್ಣಂದಿರಿಂದ ಕೇಳಿರುವ ಮಕ್ಕಳು ಧೈರ್ಯವನ್ನು ಬೇಡಿದ್ದಾರೆ. ಲಿಖಿತ ಪರೀಕ್ಷೆಯಲ್ಲಿ ಮಾತಿಗೆ ಜಾಗವಿಲ್ಲ. ಆ ಜಾಗವನ್ನು ತರಗತಿಯಲ್ಲಾದರೂ ಮಾಡಿಕೊಡಬೇಕೆಂದು ನಿಮ್ಮ ಇಂಗ್ಲಿಷ್ ಶಿಕ್ಷಕರಿಗೆ ತಿಳಿಸಿ.

ನನ್ನನ್ನು ಹೆಚ್ಚು ಕಾಡಿದ್ದು ಸಮಾಜ ವಿಜ್ಞಾನದ ಎದುರಿನ ಖಾಲಿ ಜಾಗ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂಬ ಆರನ್ನು ಒಂದೇ ಪ್ರಶ್ನೆಪತ್ರಿಕೆಗೆ ಕಟ್ಟಿದಾಗ ಮಗುವಿಗೆ ಕಾಣುವುದು ಇಸವಿ ಮತ್ತು ಪಟ್ಟಿಗಳು ಮಾತ್ರ. ನಿಮ್ಮ ಜಿಲ್ಲೆಯಲ್ಲಿ ಇದಕ್ಕೆ ಮದ್ದು ಬಹಳ ಹತ್ತಿರದಲ್ಲಿದೆ. ಕ್ರಿ.ಶ. ಸುಮಾರು 450ರದೆಂದು ಹೇಳುವ ಹಲ್ಮಿಡಿ ಶಾಸನ ದೊರೆತದ್ದು ಬೇಲೂರು ತಾಲ್ಲೂಕಿನಲ್ಲಿ; ವೀರಗಲ್ಲುಗಳಂತೂ ಎಷ್ಟೋ ಊರುಗಳ ದೇವಸ್ಥಾನದ ಬಳಿ, ಕೆರೆ ಏರಿಯ ಮೇಲೆ ನಿಂತಿವೆ. ಅಂಥದೊಂದು ಕಲ್ಲಿನ ಮುಂದೆ ಮಕ್ಕಳನ್ನು ನಿಲ್ಲಿಸಿ, ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ ಎಂದು ಕೆಳಗಿನಿಂದ ಮೇಲಕ್ಕೆ ಓದಲು ಕಲಿಸಿದರೆ, ಕೆಳಗೆ ದನಗಳಿದ್ದರೆ ಅದು ತುರುಗೊಳ್ ಕಾಳಗ, ಅಂದರೆ ದನಗಳನ್ನು ಹಿಡಿದೊಯ್ಯುವಾಗ ನಡೆದ ಕಾಳಗ, ಇರಬಹುದೆಂದು ತೋರಿಸಿದರೆ, ಈತ ಯಾರು, ಯಾರಿಗಾಗಿ ಸತ್ತ ಎಂಬ ಪ್ರಶ್ನೆ ಅವರಲ್ಲೇ ಏಳುತ್ತದೆ. ಈ ವಿಷಯದಿಂದ ತನಗೇನು ಬೇಕೆಂದು ಮಗು ಹೇಳತೊಡಗುವುದು ಅಂಥ ಪ್ರಶ್ನೆ ಎದ್ದ ಮೇಲೆಯೇ.

ಬರಹಗಳನ್ನು ಎಸ್‌ಡಿಎಂಸಿ ಸಭೆಯಲ್ಲಿ ಖಂಡಿತ ಓದಿ, ಆದರೆ ಮಕ್ಕಳ ಒಪ್ಪಿಗೆ ಪಡೆದು, ಹೆಸರುಗಳನ್ನು ತೆಗೆದು ಓದಿ. ಸಾಧ್ಯವಾದರೆ ತಂದೆ ತಾಯಂದಿರಿಂದಲೂ ಇದೇ ಪ್ರಶ್ನೆಗೆ ಉತ್ತರ ಬರೆಸಿ. ಬರೆಯಲು ಬಾರದವರ ಮಾತನ್ನು ಅವರ ಮಕ್ಕಳೇ ಬರೆದುಕೊಳ್ಳಲಿ. ಎರಡನ್ನೂ ಕಳುಹಿಸಿದರೆ ಪತ್ರಿಕೆಯಲ್ಲಿ ಅಕ್ಕಪಕ್ಕದಲ್ಲಿ ಪ್ರಕಟಿಸುತ್ತೇವೆ.

ಸಂಪಾದಕ