ಕ್ರೂಸ್ ಬುಕಿಂಗ್ ರದ್ದತಿ: ಪೂರ್ತಿ ಹಣ ಕಟ್ಟುವ ಮೊದಲೇ ಕೇಳಬೇಕಾದ ಪ್ರಶ್ನೆ

ವರ್ಷದ ಹಿಂದೆಯೇ ಕಾಯ್ದಿರಿಸಿದ ಕ್ರೂಸಿಗೆ ಈಗ ಹೋಗಲಾಗುತ್ತಿಲ್ಲ, ಹಣ ವಾಪಸ್ ಬರುತ್ತದೆಯೇ, ಬಾರದಿದ್ದರೆ ಬೇರೆಯವರ ಹೆಸರಿಗೆ ಮಾಡಿಕೊಡಬಹುದೇ ಎಂಬ ಪ್ರಶ್ನೆ ಹುಬ್ಬಳ್ಳಿ, ಗದಗ, ಹಾವೇರಿ ಎಲ್ಲ ಕಡೆಯಿಂದಲೂ ಈ ಅಂಕಣಕ್ಕೆ ಮರಳಿ ಮರಳಿ ಬರುತ್ತಿದೆ. ಬಹುತೇಕ ಪತ್ರಗಳು ನನ್ನ ಕೈ ಸೇರುವ ಹೊತ್ತಿಗೆ ಕಾಲ ಮೀರಿರುತ್ತದೆ ಎಂಬುದು ನನ್ನನ್ನು ಕಾಡುವ ಸಂಗತಿ. ಆದ್ದರಿಂದ ಕಾಲ ಮೀರದ ಒಂದು ಪತ್ರವನ್ನು ಆಯ್ದುಕೊಂಡು ಅದಕ್ಕೇ ಹೆಚ್ಚಿನ ಜಾಗ ಕೊಟ್ಟಿದ್ದೇನೆ. ಕ್ರೂಸ್ ಎಂದರೇನು, ಕ್ಯಾಬಿನ್‌ಗಳಲ್ಲಿ ಎಷ್ಟು ಬಗೆ ಎಂಬ ವಿವರಗಳಿಗೆ ಇಲ್ಲಿ ಹೋಗುವುದಿಲ್ಲ. ಮುಂಗಡ ಕಟ್ಟಿದವರಿಗೆ ಅಷ್ಟು ತಿಳಿದೇ ಇರುತ್ತದೆ.

ಪ್ರಶ್ನೆ: ನಾನು ಧಾರವಾಡದ ಸಪ್ತಾಪುರದಲ್ಲಿರುವ ನಿವೃತ್ತ ಅಧ್ಯಾಪಕ. ಬಾರ್ಸಿಲೋನಾದಿಂದ ಹೊರಡುವ ಏಳು ರಾತ್ರಿಯ ಮೆಡಿಟರೇನಿಯನ್ ಕ್ರೂಸಿಗೆ ಕಳೆದ ವರ್ಷವೇ ಎರಡು ಕ್ಯಾಬಿನ್ ಕಾಯ್ದಿರಿಸಿ ಮುಂಗಡ ಕೊಟ್ಟಿದ್ದೇನೆ. ಒಂದು ನಮ್ಮಿಬ್ಬರಿಗೆ, ಇನ್ನೊಂದು ಮಗ-ಸೊಸೆಗೆ. ಹಡಗು ಹೊರಡಲು ಐದು ತಿಂಗಳಿದೆ. ಸೊಸೆಗೆ ಈಗ ಎರಡನೆಯ ತಿಂಗಳು, ಅವರಿಬ್ಬರೂ ಬರುವುದಿಲ್ಲ. ಅವರ ಕ್ಯಾಬಿನ್ನನ್ನು ನನ್ನ ತಮ್ಮ ಮತ್ತು ಅವನ ಹೆಂಡತಿಗೆ ವರ್ಗಾಯಿಸಬಹುದೇ? ಏಜೆಂಟರನ್ನು ಕೇಳಿದರೆ, “ಅವಸರ ಏನೈತ್ರಿ ಸರ್, ಕಡೀಕ ಹೆಸರ ಬದಲ ಮಾಡಿಸೂಣು” ಎನ್ನುತ್ತಾರೆ. ಅವರು ಕೊಟ್ಟ ರಸೀದಿಯ ಪ್ರತಿ ಇದರೊಂದಿಗಿದೆ.

ಉತ್ತರ: ಅವಸರ ಖಂಡಿತ ಇದೆ, ಸರ್. ಕ್ರೂಸ್ ಕಂಪನಿಗಳ ಲೆಕ್ಕದಲ್ಲಿ ಮುಖ್ಯವಾದ ದಿನ ಹಡಗು ಹೊರಡುವ ದಿನವಲ್ಲ, ಪೂರ್ತಿ ಹಣ ಕಟ್ಟಬೇಕಾದ ಕೊನೆಯ ದಿನ. ಅದು ಸಾಮಾನ್ಯವಾಗಿ ಹಡಗು ಹೊರಡುವುದಕ್ಕೆ 75ರಿಂದ 120 ದಿನ ಮೊದಲು ಬರುತ್ತದೆ. ಆ ದಿನದವರೆಗೆ ರದ್ದು ಮಾಡಿದರೆ ಹೆಚ್ಚೆಂದರೆ ಮುಂಗಡ ಹೋಗುತ್ತದೆ. ಅದು ದಾಟಿದ ಮೇಲೆ ಕಡಿತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತ, ಕೊನೆಯ ಕೆಲವು ವಾರಗಳಲ್ಲಿ ಇಡೀ ದರವನ್ನೇ ನುಂಗುತ್ತದೆ. ಹಡಗು ಹತ್ತದ ಪ್ರಯಾಣಿಕನಿಗೆ ಆಗ ವಾಪಸ್ ಬರುವುದು ಬಂದರು ತೆರಿಗೆಯಂಥ ಸಣ್ಣ ಮೊತ್ತ ಮಾತ್ರ. ನಿಮ್ಮ ಕಂಪನಿಯ ಗಡುವು 90 ದಿನವಾಗಿದ್ದರೆ ನಿಮ್ಮ ಕೈಯಲ್ಲಿ ಉಳಿದಿರುವುದು ಸುಮಾರು ಎರಡು ತಿಂಗಳು, 120 ಆಗಿದ್ದರೆ ಒಂದೇ ತಿಂಗಳು. “ಕಡೀಕ” ಎಂಬ ಮಾತಿಗೆ ಇಲ್ಲಿ ತೆರಬೇಕಾದ ಬೆಲೆ ಇದು.

ನೀವು ಕಳಿಸಿದ ರಸೀದಿಯನ್ನು ನೋಡಿದೆ. ಏಜೆನ್ಸಿಯ ಲೆಟರ್‌ಹೆಡ್ ಮೇಲೆ “ಯುರೋಪ್ ಕ್ರೂಸ್, 4 ಜನ, ಅಡ್ವಾನ್ಸ್” ಎಂದು ಬರೆದು, ಮೊತ್ತ ನಮೂದಿಸಿ, ಸೀಲ್ ಹಾಕಿದ್ದಾರೆ. ಹಡಗಿನ ಹೆಸರಿಲ್ಲ, ಕ್ಯಾಬಿನ್ ಸಂಖ್ಯೆ ಇಲ್ಲ, ಕಂಪನಿಯ ಬುಕಿಂಗ್ ಸಂಖ್ಯೆ ಇಲ್ಲ, ಮುಂಗಡ ಮರಳಿ ಬರುವಂಥದೋ ಅಲ್ಲವೋ ಎಂಬ ಒಂದು ಅಕ್ಷರವೂ ಇಲ್ಲ. ಇದರಿಂದ ನೀವು ಹಣ ಕೊಟ್ಟದ್ದು ತಿಳಿಯುತ್ತದೆಯೇ ಹೊರತು, ನಿಮ್ಮ ಹೆಸರಿನಲ್ಲಿ ಕ್ಯಾಬಿನ್ ಇರುವುದು ತಿಳಿಯುವುದಿಲ್ಲ. ನಾಳೆಯೇ ಏಜೆಂಟರ ಬಳಿ ಹೋಗಿ ಕ್ರೂಸ್ ಕಂಪನಿ ಕಳಿಸಿದ ಮೂಲ ದೃಢೀಕರಣ ಪತ್ರವನ್ನು ಕೇಳಿ ಪಡೆಯಿರಿ. ಅದರಲ್ಲಿ ಎರಡೂ ಕ್ಯಾಬಿನ್‌ಗಳ ಬುಕಿಂಗ್ ಸಂಖ್ಯೆ, ಪೂರ್ತಿ ಪಾವತಿಯ ದಿನಾಂಕ, ರದ್ದತಿ ಕಡಿತದ ಪಟ್ಟಿ ಎಲ್ಲವೂ ಇರುತ್ತವೆ. ಆ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೀವೇ ಒಮ್ಮೆ ತಾಳೆ ನೋಡಿಕೊಳ್ಳಿ. ಅದನ್ನು ಕೊಡಲು ಹಿಂದೆಮುಂದೆ ನೋಡುವ ಏಜೆಂಟರಿಗೆ ಉಳಿದ ಹಣವನ್ನು ಕೊಡಬೇಡಿ. ಈ ವಿಷಯದಲ್ಲಿ ನಾನು ಯಾರಿಗೂ ಸಡಿಲ ಸಲಹೆ ಕೊಡುವುದಿಲ್ಲ.

ಇನ್ನು ಹೆಸರು ಬದಲಾವಣೆ. ಹೆಚ್ಚಿನ ಕಂಪನಿಗಳು ಇದಕ್ಕೆ ಅವಕಾಶ ಕೊಡುತ್ತವೆ, ಆದರೆ ಆ ಕ್ಯಾಬಿನ್ನಿನ ಮೂಲ ಪ್ರಯಾಣಿಕರಲ್ಲಿ ಒಬ್ಬರಾದರೂ ಉಳಿಯಬೇಕೆಂಬ ಷರತ್ತಿನ ಮೇಲೆ. ನಿಮ್ಮ ಮಗ ಹೊರಡುವುದಾಗಿದ್ದು ಸೊಸೆಯ ಬದಲು ನಿಮ್ಮ ತಮ್ಮನ ಹೆಸರನ್ನಷ್ಟೇ ಸೇರಿಸುವುದಿದ್ದರೆ ಕೆಲಸ ಸುಲಭವಾಗಿತ್ತು. ಇಬ್ಬರೂ ಹಿಂದೆ ಸರಿದರೆ ಕಂಪನಿ ಅದನ್ನು ರದ್ದತಿ ಎಂದೇ ಪರಿಗಣಿಸಿ, ನಿಮ್ಮ ತಮ್ಮನಿಗೆ ಇಂದಿನ ದರದಲ್ಲಿ ಹೊಸ ಬುಕಿಂಗ್ ಮಾಡುತ್ತದೆ. ಆ ದರ ಕಳೆದ ವರ್ಷದ್ದಕ್ಕಿಂತ ಹೆಚ್ಚಿರಬಹುದು, ಕೆಲವೊಮ್ಮೆ ಕಡಿಮೆಯೂ ಇರುತ್ತದೆ. ಆದ್ದರಿಂದ ಮೊದಲು ಇಂದಿನ ದರವನ್ನು ಕೇಳಿ. ಮುಂಗಡ ಮರಳಿ ಬರುವ ಬಗೆಯದಾಗಿದ್ದರೆ ಮಗನ ಕ್ಯಾಬಿನ್ ರದ್ದು ಮಾಡಿ, ತಮ್ಮನಿಗೆ ಹೊಸದಾಗಿ ಕಾಯ್ದಿರಿಸುವುದೇ ನೇರ ದಾರಿ. ಮರಳಿ ಬಾರದ ಬಗೆಯದಾಗಿದ್ದರೆ ರದ್ದು ಮಾಡುವ ಮಾತನ್ನು ಒಮ್ಮೆಲೇ ಆಡಬೇಡಿ. ಹಲವು ಕಂಪನಿಗಳು ಬದಲಾವಣೆ ಶುಲ್ಕ ತೆಗೆದುಕೊಂಡು ಮುಂಗಡವನ್ನು ಮುಂದಿನ ಪ್ರಯಾಣಕ್ಕೆ ಸಾಗಿಸಿಕೊಡುತ್ತವೆ. ಕೂಸನ್ನು ಕರೆದುಕೊಂಡು ಹೋಗುವುದಾದರೆ ಹಡಗು ಹತ್ತುವ ದಿನ ಅದಕ್ಕೆ ಕನಿಷ್ಠ ಆರು ತಿಂಗಳು ತುಂಬಿರಬೇಕೆಂಬ ನಿಯಮ ಬಹುತೇಕ ಕಂಪನಿಗಳಲ್ಲಿದೆ; ಬಹಳ ದಿನ ನಡುಗಡಲಲ್ಲೇ ಸಾಗುವ ಮಾರ್ಗಗಳಿಗೆ ಒಂದು ವರ್ಷ. ಮಗ-ಸೊಸೆಯ ಹೊಸ ದಿನಾಂಕವನ್ನು ಈ ಲೆಕ್ಕದ ಮೇಲೆ ಇಟ್ಟುಕೊಳ್ಳಿ.

ಸೊಸೆ ಬರುವುದಿಲ್ಲವೆಂದು ನೀವು ತೀರ್ಮಾನಿಸಿದ್ದು ಸರಿಯಾಗಿದೆ, ಅದನ್ನು ಯಾರ ಮಾತಿಗೂ ಬದಲಿಸಬೇಡಿ. ಪ್ರಯಾಣ ಮುಗಿಯುವುದರೊಳಗೆ 24ನೆಯ ವಾರಕ್ಕೆ ಕಾಲಿಡುವ ಗರ್ಭಿಣಿಯನ್ನು ಕ್ರೂಸ್ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ, ಮತ್ತು ನಿಮ್ಮ ಸೊಸೆಗೆ ಆ ಹೊತ್ತಿಗೆ ಏಳನೆಯ ತಿಂಗಳು ನಡೆಯುತ್ತಿರುತ್ತದೆ. ಬಂದರಿನವರೆಗೆ ಹೋಗಿ ಅಲ್ಲಿ ತಡೆಸಿಕೊಂಡರೆ ಪ್ರಯಾಣ ದರದಲ್ಲಿ ಒಂದು ಯೂರೋ ಕೂಡ ಮರಳುವುದಿಲ್ಲ.

“ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟರೆ ಪೂರ್ತಿ ಹಣ ಬರುತ್ತದೆ” ಎಂದು ನಂಬಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೀವು ಬರಲಾಗದ ಕಾರಣ ಎಷ್ಟು ನಿಜವಾಗಿದ್ದರೂ ಕ್ರೂಸ್ ಕಂಪನಿ ದಿನಾಂಕವನ್ನಷ್ಟೇ ನೋಡುತ್ತದೆ. ವೈದ್ಯರ ಪತ್ರ ಕೆಲಸಕ್ಕೆ ಬರುವುದು ಪ್ರವಾಸ ವಿಮೆಯ ಮುಂದೆ. ಅಲ್ಲಿಯೂ ನಮ್ಮ ದೇಶದ ಹೆಚ್ಚಿನ ಪಾಲಿಸಿಗಳು ಸಹಜ ಗರ್ಭಧಾರಣೆಯನ್ನು ರದ್ದತಿಗೆ ಕಾರಣವೆಂದು ಒಪ್ಪುವುದಿಲ್ಲ. ಅದಕ್ಕಾಗಿ ಇಲ್ಲದ ಕಾಯಿಲೆಯೊಂದನ್ನು ಬರೆಸಿಕೊಡುತ್ತೇವೆ ಎನ್ನುವವರು ನಿಮ್ಮನ್ನು ವಂಚನೆಯ ಪ್ರಕರಣದಲ್ಲಿ ಸಿಕ್ಕಿಸುತ್ತಾರೆ. ಅವರ ನೆರಳನ್ನೂ ತುಳಿಯಬೇಡಿ.

ತಮ್ಮನ ಹೆಸರು ಸೇರಿಸುವ ಮುನ್ನ ಇನ್ನೊಂದನ್ನು ಯೋಚಿಸಿ. ಅವರಿಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹೆಚ್ಚಿನ ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ ಬೇಕು. ಅದಕ್ಕೆ ಪ್ರಯಾಣಕ್ಕೆ ಆರು ತಿಂಗಳಿಗಿಂತ ಮೊದಲು ಅರ್ಜಿ ಹಾಕಲು ಬರುವುದಿಲ್ಲ, ಹಾಕಿದ ಮೇಲೆ ಸಾಮಾನ್ಯ ಅವಧಿ 15 ದಿನವಾದರೂ ನಿಯಮದ ಪ್ರಕಾರ 45 ದಿನಗಳವರೆಗೂ ಎಳೆಯಬಹುದು. ಅಂದರೆ ತಡವಾಗಿ ಅರ್ಜಿ ಹಾಕಿದವರಿಗೆ ಪೂರ್ತಿ ಹಣ ಕಟ್ಟಿದ ಮೇಲೆಯೇ ವೀಸಾದ ಉತ್ತರ ಸಿಗುತ್ತದೆ, ಮತ್ತು ವೀಸಾ ನಿರಾಕರಣೆ ಹಣ ಮರಳಿಸಲು ಕಾರಣವಾಗುವುದಿಲ್ಲ. ಹಡಗು ನಡುವೆ ಷೆಂಗೆನ್ ವಲಯದ ಹೊರಗಿರುವ ಟರ್ಕಿಗೋ ಟ್ಯುನೀಷಿಯಾಕ್ಕೋ ಹೋಗುವುದಿದ್ದರೆ ಹಲವು ಬಾರಿ ಪ್ರವೇಶಿಸಬಹುದಾದ ವೀಸಾವೇ ಆಗಬೇಕು. ತಮ್ಮನ ಪಾಸ್‌ಪೋರ್ಟಿನ ಅವಧಿ ಮುಗಿಯುತ್ತ ಬಂದಿದ್ದರೆ ಮೊದಲು ಹುಬ್ಬಳ್ಳಿಯ ಪಾಸ್‌ಪೋರ್ಟ್ ಕೇಂದ್ರದಲ್ಲಿ ನವೀಕರಿಸಿಕೊಳ್ಳಲಿ. ಯಾರು ಹೋಗುತ್ತಾರೆಂಬುದು ಗಟ್ಟಿಯಾಗುವವರೆಗೆ ರದ್ದತಿಗೆ ಹಣ ಬಾರದ ವಿಮಾನ ಟಿಕೆಟ್ ತೆಗೆಸಬೇಡಿ. ಹೆಚ್ಚಿನ ವಿಮಾನ ಕಂಪನಿಗಳು ಒಬ್ಬರ ಟಿಕೆಟ್ಟನ್ನು ಇನ್ನೊಬ್ಬರ ಹೆಸರಿಗೆ ಮಾಡಿಕೊಡುವುದಿಲ್ಲ.

ಕೊನೆಯದಾಗಿ, ಏಜೆಂಟರ ಮೂಲಕ ಮಾಡಿದ ಬುಕಿಂಗನ್ನು ಕಂಪನಿ ನಿಮ್ಮ ಫೋನ್ ಕರೆಯ ಮೇಲೆ ಬದಲಿಸುವುದಿಲ್ಲ. ಕಂಪನಿಯ ದಾಖಲೆಯಲ್ಲಿ ಯಾವ ದಿನ ರದ್ದಾಯಿತೋ ಕಡಿತಕ್ಕೆ ಆ ದಿನವೇ ಲೆಕ್ಕ. ನೀವು ಏಜೆಂಟರಿಗೆ ವಾಟ್ಸಾಪ್ ಕಳಿಸಿದ ದಿನಕ್ಕೆ ಅಲ್ಲಿ ಬೆಲೆಯಿಲ್ಲ. ಆದ್ದರಿಂದ ಸೂಚನೆಯನ್ನು ಇಮೇಲ್ ಮೂಲಕ ಕೊಟ್ಟು, ಗಡುವಿಗೆ ಒಂದು ವಾರ ಇರುವಾಗಲೇ ಕಂಪನಿಯ ರದ್ದತಿ ಪತ್ರವನ್ನು ಕೈಗೆ ತೆಗೆದುಕೊಳ್ಳಿ. ನಿಮ್ಮಿಬ್ಬರ ಕ್ಯಾಬಿನ್ ಬೇರೆ ಬುಕಿಂಗ್ ಸಂಖ್ಯೆಯಲ್ಲಿದ್ದರೆ ಅದಕ್ಕೆ ಧಕ್ಕೆಯಿಲ್ಲ. ಎರಡೂ ಒಂದೇ ಸಂಖ್ಯೆಯಲ್ಲಿದ್ದರೆ ಮೊದಲು ಬೇರ್ಪಡಿಸಿಕೊಂಡು ಆಮೇಲೆ ರದ್ದು ಮಾಡಿಸಿ.

ಪ್ರಶ್ನೆ: ಕ್ರೂಸ್ ಟಿಕೆಟ್ ಮಾರಿಸಿಕೊಡುತ್ತೇವೆ ಎನ್ನುವ ವಾಟ್ಸಾಪ್ ಗುಂಪಿಗೆ ಸೇರಬಹುದೇ? (ರಾಣೆಬೆನ್ನೂರು)

ಉತ್ತರ: ಬೇಡ, ಅವರು ಕೇಳುವುದು ನಿಮ್ಮ ಪಾಸ್‌ಪೋರ್ಟ್ ಪ್ರತಿಯನ್ನು ಮತ್ತು “ಪ್ರೊಸೆಸಿಂಗ್” ಹಣವನ್ನು, ಕೊಡುವುದು ಏನೂ ಇಲ್ಲ.

ಪ್ರಶ್ನೆ: ನಾನೇ ರದ್ದು ಮಾಡಿದ ಕ್ರೂಸಿನ ಹಣವನ್ನು ಕ್ರೆಡಿಟ್ ಕಾರ್ಡ್ ಚಾರ್ಜ್‌ಬ್ಯಾಕ್ (ಬ್ಯಾಂಕಿಗೆ ತಕರಾರು ಕೊಟ್ಟು ಪಾವತಿಯನ್ನು ಹಿಂಪಡೆಯುವ ಕ್ರಮ) ಮೂಲಕ ಪಡೆಯಬಹುದೇ? (ಹುಬ್ಬಳ್ಳಿ)

ಉತ್ತರ: ನೀವೇ ಸಹಿ ಮಾಡಿ ಒಪ್ಪಿದ ಷರತ್ತಿನಂತೆ ಕಡಿತವಾಗಿದ್ದರೆ ಆಗುವುದಿಲ್ಲ.

ಪ್ರಶ್ನೆ: ಬುಕಿಂಗ್ ಮಾಡುವಾಗ ಏಜೆಂಟರು ತೆಗೆದುಕೊಂಡ ಟಿಸಿಎಸ್ (ವಿದೇಶ ಪ್ರವಾಸದ ಹಣದ ಮೇಲೆ ಮೂಲದಲ್ಲೇ ವಸೂಲಾಗುವ ಆದಾಯ ತೆರಿಗೆ) ಮತ್ತು ಜಿಎಸ್‌ಟಿ ಏನಾಗುತ್ತದೆ? (ಬ್ಯಾಡಗಿ)

ಉತ್ತರ: ಟಿಸಿಎಸ್ ನಿಮ್ಮ ಪ್ಯಾನ್ ಹೆಸರಿಗೆ ಜಮೆಯಾಗಿದ್ದರೆ 26ಎಎಸ್ ನಮೂನೆಯಲ್ಲಿ (ನಿಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿ) ಕಾಣುತ್ತದೆ, ಅದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಿ, ಮುಂಬಯಿಯಿಂದ ಗೋವಾ, ಲಕ್ಷದ್ವೀಪಕ್ಕೆ ಹೋಗುವ ದೇಶದೊಳಗಿನ ಕ್ರೂಸಿಗೆ ಟಿಸಿಎಸ್ ಪ್ರಶ್ನೆಯೇ ಬರುವುದಿಲ್ಲ. ಜಿಎಸ್‌ಟಿಗೆ ಏಜೆಂಟರು ಕ್ರೆಡಿಟ್ ನೋಟ್, ಅಂದರೆ ಬಿಲ್ಲಿನ ಮೊತ್ತ ಇಳಿಸುವ ಪತ್ರ ಮಾಡಬೇಕು. ಬಿಲ್ಲಿನ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ದಾಟಿದರೆ ಅವರು ಅದನ್ನು ತಮ್ಮ ತೆರಿಗೆಯಲ್ಲಿ ಇಳಿಸಿಕೊಳ್ಳಲಾರರು, ನಿಮಗೆ ಕೊಡಲು ತಕರಾರು ತೆಗೆಯುತ್ತಾರೆ. ಬಹಳ ಮೊದಲೇ ಬುಕ್ ಮಾಡಿದವರು ಎಡವುವುದು ಇಲ್ಲಿಯೇ.

ಪ್ರಶ್ನೆ: ಹಡಗಿನ ಕಂಪನಿಯೇ ಪ್ರಯಾಣ ರದ್ದು ಮಾಡಿದೆ. ಏಜೆಂಟರು ಹಣ ಕೊಡದೆ ಮುಂದಿನ ವರ್ಷ ಹೋಗಿ ಎನ್ನುತ್ತಾರೆ. (ಗದಗ)

ಉತ್ತರ: ಕಂಪನಿ ತಾನೇ ರದ್ದು ಮಾಡಿದಾಗ ಹಣವೋ ಮುಂದಿನ ಪ್ರಯಾಣವೋ ಎಂಬ ಆಯ್ಕೆ ಪ್ರಯಾಣಿಕರದ್ದು, ಏಜೆಂಟರದ್ದಲ್ಲ. ಲಿಖಿತವಾಗಿ ಕೇಳಿ, 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಅದಕ್ಕೂ ಬಗ್ಗದಿದ್ದರೆ ಗದುಗಿನ ಜಿಲ್ಲಾ ಗ್ರಾಹಕರ ಆಯೋಗಕ್ಕೇ ಹೋಗಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಊರಿನಲ್ಲೇ ದೂರು ಕೊಡಬಹುದು, ನೀವು ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ದೂರಿಗೆ ಎರಡು ವರ್ಷಗಳ ಮಿತಿ ಇದೆ, ಆದ್ದರಿಂದ ಏಜೆಂಟರ “ಮುಂದಿನ ವರ್ಷ”ವನ್ನು ಕಾಯುತ್ತ ಕೂರಬೇಡಿ.