ಊರಿನ ವಾಟ್ಸಾಪ್ ಗ್ರೂಪ್ ಬಿಟ್ಟರೆ ಊರಿನ ನಂಟೂ ತಪ್ಪುತ್ತಾ?

"ಬೆಂಗಳೂರಿನಲ್ಲಿದ್ದೇನೆ, ತೀರ್ಥಹಳ್ಳಿ ಕಡೆಯ ನಮ್ಮೂರಿನ ಗ್ರೂಪ್‌ನಲ್ಲಿ ಬರೀ ಗುಡ್ ಮಾರ್ನಿಂಗ್, ಫಾರ್ವರ್ಡ್, ಜಗಳ. ಗ್ರೂಪ್ ಬಿಟ್ಟರೆ ಊರಿನವರು ದೂರ ಆಗ್ತಾರಾ?" ಅಂತ ಕೇಳಿದ್ದೀರಿ. ಬಿಡಬೇಡಿ, ಮ್ಯೂಟ್ ಮಾಡಿ ಸಾಕು. ನಾನು ಹೊಸನಗರ ತಾಲ್ಲೂಕಿನಲ್ಲಿ ತೋಟ ಮಾಡಿಕೊಂಡು ಊರಲ್ಲೇ ಇರುವವನು. ಇಲ್ಲಿಂದ ಕಾಣುವುದನ್ನು ಹೇಳುತ್ತೇನೆ.

ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ತೋಟ, ಹಳ್ಳ, ಗುಡ್ಡ ದಾಟಬೇಕು, ನಿಮಗೂ ಗೊತ್ತಲ್ವಾ. ಮಳೆಗಾಲದಲ್ಲಿ ಸ್ವಲ್ಪ ಮಳೆ ಬಿಟ್ಟು ಹೊಳವಾದ ಕೂಡಲೇ ಅಡಿಕೆಗೆ ಸುಣ್ಣ, ಮೈಲುತುತ್ತಿನ ಔಷಧಿ ಹೊಡೆಸಬೇಕು, ಇಲ್ಲದಿದ್ದರೆ ಕೊಳೆರೋಗ ಬಂದು ಕಾಯಿ ಉದುರುತ್ತದೆ. ಆಗ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಎಲ್ಲರಿಗೂ ಒಟ್ಟಿಗೇ ಬೇಕು. ಮೊದಲು ಮನೆಮನೆ ತಿರುಗಿ ಹುಡುಕುತ್ತಿದ್ದೆವು. ಈಗ "ಸುಣ್ಣ, ಮೈಲುತುತ್ತು ತಂದಿಟ್ಟಾಗಿದೆ, ನಾಳೆಗೆ ಯಾರಾದ್ರೂ ಸಿಗ್ತಾರಾ?" ಅಂತ ಒಂದು ವಾಯ್ಸ್ ಮೆಸೇಜ್. ಹೆಚ್ಚಿನ ಸಲ ಉತ್ತರ ಬರುವುದು ಪಕ್ಕದ ಮನೆಯಿಂದಲ್ಲ. ಮದುವೆ ಮನೆಯಲ್ಲಿ ಸಿಕ್ಕರೆ "ಆರಾಮಾ?" ಅಂತ ಕೇಳುವಷ್ಟೇ ಪರಿಚಯ ಇರುವವರಿಂದ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ಬರೆದಿದ್ದರು: ಹತ್ತಿರದವರಿಗೆ ಗೊತ್ತಿರುವುದು ಸಾಮಾನ್ಯವಾಗಿ ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ, ಹೊಸ ಕೆಲಸ ತರುವವರು ಅಷ್ಟಾಗಿ ಬಳಕೆ ಇಲ್ಲದವರು. ನಮ್ಮ ಗ್ರೂಪ್ ನೋಡಿದರೆ ಅದು ನಿಜ ಅನಿಸುತ್ತದೆ.

ಫೋನ್ ಬಂದು ಜನ ಸೇರುವುದೇ ನಿಂತಿತು ಅನ್ನುವವರ ಮಾತು ನಾನು ಪೂರ್ತಿ ಒಪ್ಪುವುದಿಲ್ಲ. ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತು ರಾತ್ರಿಯವರೆಗೆ ಅಡಿಕೆ ಸುಲಿಯುವಾಗ ಊರಿನ ಕಥೆಯೆಲ್ಲ ಬರುತ್ತಿತ್ತು. ಅದನ್ನು ನಿಲ್ಲಿಸಿದ್ದು ಸುಲಿಯುವ ಮೆಷಿನ್. ಜೊತೆಗೆ ಮಕ್ಕಳು ಕೆಲಸಕ್ಕೆ ಊರು ಬಿಟ್ಟರು.

ಜಗಳದ ವಿಷಯದಲ್ಲಿ ಮಾತ್ರ ನೀವು ಹೇಳಿದ್ದು ಸರಿ. "ನಿಮ್ಮ ದನ ನಮ್ಮ ತೋಟಕ್ಕೆ ಬಂದಿತ್ತು ಮಾರಾಯ್ರೆ" ಅಂತ ಎದುರಿಗೆ ಹೇಳಿದರೆ, ಒಟ್ಟಿಗೆ ಕೂತು ಕವಳ (ಎಲೆ-ಅಡಿಕೆ) ಹಾಕುವಷ್ಟರಲ್ಲಿ ಮಾತು ಮುಗಿಯುತ್ತದೆ. ಅದನ್ನೇ ಗ್ರೂಪ್‌ನಲ್ಲಿ ಬರೆದರೆ ಇಡೀ ಊರಿನ ಎದುರು ದೂರು ಕೊಟ್ಟ ಹಾಗೆ. ಆಮೇಲೆ ಇಬ್ಬರಿಗೂ ಹಿಂದೆ ಸರಿಯಲು ಆಗುವುದಿಲ್ಲ. ನಮ್ಮ ಕಡೆ ಇಂಥ ಒಂದು ಮೆಸೇಜಿನಿಂದ ಎರಡು ಮನೆಯವರು ಮಾತು ಬಿಟ್ಟು, ಮದುವೆಗೂ ಹೋಗದೇ ಉಳಿದರು. ತುಂಬಾ ಬೇಜಾರಾಗುತ್ತದೆ.

ಫಾರ್ವರ್ಡ್‌ಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಬಾಣದ ಗುರುತಿದ್ದರೆ ಅದು ಎಲ್ಲೆಲ್ಲೋ ಸುತ್ತಿ ಬಂದದ್ದು. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಆಗುತ್ತದೆ, ಆದರೂ ಬರುವುದು ಬರುತ್ತಲೇ ಇರುತ್ತದೆ.

ನಂಟು ಉಳಿಯಬೇಕಾದರೆ ಗ್ರೂಪ್‌ನಲ್ಲಿ ಇದ್ದರಷ್ಟೇ ಸಾಲದು. ಲಗ್ನಪತ್ರಿಕೆ ಗ್ರೂಪ್‌ಗೆ ಹಾಕಿದರೆ ಇಲ್ಲಿ ಅದು ಕರೆದ ಲೆಕ್ಕಕ್ಕೆ ಬರುವುದಿಲ್ಲ. ದೂರ ಇರುವವರು ಫೋನ್ ಮಾಡಿ ಕರೆದರೆ ಯಾರೂ ತಪ್ಪು ತಿಳಿಯುವುದಿಲ್ಲ. ಸಾವಿನ ಸುದ್ದಿ ಬಂದಾಗಲೂ ಅಷ್ಟೇ, ಸುಮ್ನೆ ಕೈಮುಗಿಯುವ ಚಿತ್ರ ಹಾಕಿ ಬಿಡಬೇಡಿ. ಆ ಮನೆಗೇ ಫೋನ್ ಮಾಡಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಗಿರುತ್ತದೆ, ಲೈನ್ ಸಿಗದಿದ್ದರೆ ಬೆಳಿಗ್ಗೆ ಮತ್ತೆ ಮಾಡಿ.